ರೊಟ್ಟಿ ಚೌಕಶಿ

ಹೋದ ತಿಂಗಳು ಒಂದು ಮುಂಜಾನೆ ಗಡ್ಡಕ್ಕೆ ಸಾಬೂನು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದೆ. ಫೋನ್ ಬಂತು. ಹೊಸ ಹುಡುಗಿಯ ದನಿ.

"ಸರ, ನಾನು ಅಶ್ವಿನಿ ಅಂತ್ರಿ. ಹೊಸದಾಗಿ ತಲಾಠಿ ಆಗಿ ಬಂದೇನ್ರಿ. ನಿಮ್ಮ ನಂಬರ ಆಫೀಸಿನ್ಯಾಗ ಕೊಟ್ರು."

"ಹೇಳ ತಂಗಿ."

"ಒಂದ ಪೌರತ್ವದ ಅರ್ಜಿ ಚೌಕಶಿಗೆ ಬಂದೈತ್ರಿ, ಮನಿಗೆ ಹೋಗಿ ವಿಚಾರಣಿ ಮಾಡ್ಬೇಕಂತ. ನೇಪಾಳದ ಹೆಣ್ಣಮಗಳು, ಮೂಡಲಗಿ ಹುಡುಗನ್ನ ಲಗ್ನ ಆಗ್ಯಾಳ. ಇಂಥಾದಕ್ಕ ರೊಟ್ಟಿ ಚೌಕಶಿ ಮಾಡ್ಬೇಕು, ಅದನ್ನ ಚಾಲೂ ಮಾಡಿದವ್ರ ನೀವ ಅಂತ ಎಲ್ಲಾರೂ ಹೇಳಿದ್ರು. ರೊಟ್ಟಿ ಹೆಂಗಿದ್ರ ಪಾಸ್ ಅಂತ ಬರೀಬೇಕ್ರಿ ಸರ? ನನಗ ಬಡಿಯಾಕ ಬರೂದಿಲ್ಲರಿ, ಅದಕ್ಕ ಕೇಳಿದೆ."

ಪಾಪ, ಆಕೆ ಚೇಷ್ಟೆ ಮಾಡುತ್ತಿರಲಿಲ್ಲ. ಕೆಲಸ ಸರಿಯಾಗಿ ಕಲಿಯಬೇಕೆಂಬ ಹುಡುಗಿ. ನನ್ನ ಮುಖದ ಮೇಲಿನ ಸಾಬೂನು ಅಲ್ಲೇ ಒಣಗಿತು. "ನಾಕ ದಿನ ಬಿಟ್ಟ ಹೋಗು, ನಾ ಬರದ ಕಳಸ್ತೇನಿ" ಎಂದು ಹೇಳಿ ಫೋನ್ ಇಟ್ಟೆ. ಬಾಯಿಂದ ಹೇಳಲು ನನಗೆ ಧೈರ್ಯ ಬರಲಿಲ್ಲ. ಆದ್ದರಿಂದ ಈ ಬರವಣಿಗೆ. ಅಶ್ವಿನಿಗೂ, ಅವಳಂತೆ ಹೊಸದಾಗಿ ಕಂದಾಯ ಇಲಾಖೆಗೆ ಬಂದ ಮಕ್ಕಳಿಗೂ.

ನಾನು ಊರ ಲೆಕ್ಕ ನೋಡುವ ತಲಾಠಿಯಾಗಿ ಸೇರಿ, ಸರ್ಕಲ್ ಅಂದರೆ ಕಂದಾಯ ನಿರೀಕ್ಷಕನಾಗಿ ನಿವೃತ್ತನಾದವನು. ನಡುವೆ ಏನೇನಾದೆ ಎಂಬುದನ್ನು ಬಿಟ್ಟುಬಿಡುತ್ತೇನೆ, ಅದನ್ನು ಕೇಳಿ ಯಾರ ಹೊಟ್ಟೆಯೂ ತುಂಬುವುದಿಲ್ಲ. ನಮ್ಮ ಕೆಲಸವೆಲ್ಲ ಹೊಲದ ಬಾಂದು ಗಡಿ, ವಾರಸಾ ಹಕ್ಕು, ಜಾತಿ ಆದಾಯದ ದಾಖಲೆ, ಹೊಳೆ ಬಂದಾಗ ಮನೆ ಬಿದ್ದವರ ಪಂಚನಾಮೆ. ಪೌರತ್ವದ ಕಾಗದ ಎಂದರೆ ಅಪರೂಪದ ಅತಿಥಿ. ಬಂದಾಗ ಕಚೇರಿಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು, ಯಾಕೆಂದರೆ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ.

ದಾರಿಗಳು ಹೆಚ್ಚಿಲ್ಲ. ಈ ನೆಲದಲ್ಲಿ ಹುಟ್ಟಿದರೆ ಪೌರತ್ವ ಬರುತ್ತದೆ. ಮೊದಲು ಹುಟ್ಟಿದರೆ ಸಾಕಿತ್ತು, ಆಮೇಲೆ ತಂದೆ ತಾಯಿ ಯಾರು ಎಂದೂ ಕೇಳತೊಡಗಿದರು. ಹೊರದೇಶದಲ್ಲಿ ಹುಟ್ಟಿದರೂ ತಂದೆಯಿಂದಲೋ ತಾಯಿಯಿಂದಲೋ ಬರಬಹುದು. ನಮ್ಮವರನ್ನು ಲಗ್ನವಾಗಿ ಇಲ್ಲಿ ಏಳು ವರ್ಷ ಬಾಳಿದವರು ಅರ್ಜಿ ಹಾಕಿ ನೋಂದಣಿಯಿಂದ ಪಡೆಯಬಹುದು. ಯಾವ ನಂಟೂ ಇಲ್ಲದೆ ಬಹುಕಾಲ ಇಲ್ಲೇ ನೆಲೆಸಿದವರಿಗೆ ಇನ್ನೊಂದು ದಾರಿ. ಕೊನೆಯದು, ನಾಡಿಗೆ ನಾಡೇ ದೇಶದೊಳಗೆ ಬಂದಾಗ ಅಲ್ಲಿನ ಜನ ಕೂತಲ್ಲೇ ಪೌರರಾಗುವುದು.

ಈ ಕೊನೆಯದು ನನಗೆ ಗೊತ್ತಿರಲಿಲ್ಲ. ಹುಕ್ಕೇರಿ ಕಡೆಯ ಒಬ್ಬ ಮುದುಕ ಗೋವೆಯಲ್ಲಿ ಹುಟ್ಟಿದವನು, ಯಾವುದೋ ದಾಖಲೆಗೆ ಬಂದಿದ್ದ. "ನೀ ಹುಟ್ಟಿದಾಗ ಅಲ್ಲಿ ಪೋರ್ಚುಗೀಸರ ರಾಜ್ಯ ಇತ್ತಲ್ಲೋ ಅಜ್ಜಾ, ನೀ ಪರದೇಶಿ ಆದಿ" ಎಂದು ಜಾಣತನ ತೋರಿಸಿ ಅವನನ್ನು ತಿಂಗಳುಗಟ್ಟಲೆ ಅಲೆದಾಡಿಸಿದೆ. ಗೋವೆ ನಮ್ಮದಾದ ದಿನವೇ ಅವನೂ ನಮ್ಮವನಾಗಿದ್ದ. ಮೇಲಿನ ಸಾಹೇಬರೊಬ್ಬರು ಅದನ್ನು ಹೇಳಿ ನಕ್ಕರು. ಮುದುಕ ನಗಲಿಲ್ಲ. "ನಾ ಇಷ್ಟ ದಿನ ಮನ್ಯಾಗ ಎಲ್ಲಾರಿಗೂ ಅಂಜಿಕೋತ ಕುಂತಿದ್ದೆ ಸಾಹೇಬ್ರ, ಪೋಲೀಸರು ಹಿಡಕೊಂಡ ಹೋಗ್ತಾರಂತ" ಎಂದ. ಅವತ್ತೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಈಗ ಲಗ್ನದ ದಾರಿಯ ಒಂದು ಮಾತು ನೆನಪಿಟ್ಟುಕೊಳ್ಳಿ. ಅರ್ಜಿ ಹಾಕುವ ಮುಂಚಿನ ಒಂದು ವರ್ಷ ಆ ಹೆಣ್ಣುಮಗಳು ದೇಶ ಬಿಟ್ಟು ಹೊರಗೆ ಹೋಗಿರಬಾರದು. ಈಗ ವಿಶೇಷ ಕಾರಣವಿದ್ದರೆ ಮೇಲಿನವರು ಕೆಲವು ದಿನ ಸಡಿಲು ಬಿಡಬಹುದು. ಆಗ ಅದೂ ಇರಲಿಲ್ಲ. ಅರ್ಜಿ ಜಿಲ್ಲೆಗೆ ಹೋಗುತ್ತದೆ, ಅಲ್ಲಿಂದ ಚೌಕಶಿಗೆ ನಮ್ಮ ಕೈಗೆ ಬರುತ್ತದೆ. ನಮ್ಮ ಕೆಲಸ ಇಷ್ಟೇ: ಮನೆಗೆ ಹೋಗಿ, ಈಕೆ ಖರೆ ಇಲ್ಲಿ ಇದ್ದಾಳೋ, ಗಂಡನ ಜೊತೆ ಬಾಳುತ್ತಿದ್ದಾಳೋ ಎಂದು ನೋಡಿ ಬರೆಯುವುದು. ಪೋಲೀಸರದು ಬೇರೆ ವರದಿ. ಇದರಲ್ಲಿ ರೊಟ್ಟಿ ಎಲ್ಲಿಂದ ಬಂತು ಎಂದು ಕೇಳುತ್ತೀರಿ. ನನ್ನಿಂದ ಬಂತು.

ಬೆಲ್ಲದ ಬಾಗೇವಾಡಿಯಲ್ಲಿ ಒಬ್ಬ ಹುಡುಗ ಪುಣೆಯ ಹೋಟೆಲಿನಲ್ಲಿ ದುಡಿಯುವಾಗ ನೇಪಾಳದ ಹುಡುಗಿಯನ್ನು ಲಗ್ನವಾಗಿ ಊರಿಗೆ ತಂದಿದ್ದ. ಅವಳ ಅರ್ಜಿಯ ಚೌಕಶಿಗೆ ನಡುಮಧ್ಯಾಹ್ನ ಹೋದೆ. ಓಣಿಯಲ್ಲಿ ಮನೆ ಯಾವುದೆಂದು ಕೇಳುವ ಮೊದಲೇ ರೊಟ್ಟಿ ಬಡಿಯುವ ಪಟಪಟ ಸಪ್ಪಳ ಕೇಳುತ್ತಿತ್ತು. ಒಳಗೆ ಹಣಿಕಿದರೆ ಅವಳೇ. ಹಂಚಿನ ಮೇಲೆ ಒಂದು, ಕೈಯಲ್ಲಿ ಒಂದು, ಬುಟ್ಟಿಯಲ್ಲಿ ಹತ್ತಾರು. ಏಳು ವರ್ಷ ಇಲ್ಲೇ ಇದ್ದದ್ದಕ್ಕೆ ಬೇರೆ ಸಾಕ್ಷಿ ಏಕೆ ಎನಿಸಿತು. ವರದಿಯಲ್ಲಿ ಹಾಗೇ ಬರೆದೆ: ಅರ್ಜಿದಾರಳು ಈ ಭಾಗದ ಹೆಣ್ಣುಮಕ್ಕಳಂತೆ ಸರಾಗವಾಗಿ ಜೋಳದ ರೊಟ್ಟಿ ಬಡಿಯುತ್ತಿದ್ದುದನ್ನು ಖುದ್ದು ಕಂಡೆ. ಅಲ್ಲಿಯವರೆಗೆ ತಪ್ಪಿಲ್ಲ. ಕಂಡದ್ದನ್ನು ಬರೆದಿದ್ದೆ.

ಆಗಿನ ನಮ್ಮ ಸಾಹೇಬರು ದೂರದ ಜಿಲ್ಲೆಯವರು, ಹೊಸತೇನಾದರೂ ಕಂಡರೆ ಕುಣಿಯುವ ಸ್ವಭಾವ. ಮೀಟಿಂಗಿನಲ್ಲಿ ನನ್ನ ವರದಿಯನ್ನು ಗಟ್ಟಿಯಾಗಿ ಓದಿದರು. "ಚೌಕಶಿ ಅಂದರೆ ಇದು, ಉಳಿದವರೂ ಕಲಿಯಿರಿ" ಎಂದರು. ಇದು ಯಾವ ನಿಯಮದಲ್ಲಿದೆ ಎಂದು ಒಬ್ಬರೂ ಕೇಳಲಿಲ್ಲ. ನನಗೆ ಕೋಡು ಮೂಡಿತು. ಅಲ್ಲಿಂದ ಮುಂದೆ ಅದು ಕಂಡದ್ದಾಗಿ ಉಳಿಯಲಿಲ್ಲ, ಮಾಡಿಸಿ ನೋಡುವುದಾಯಿತು.

ನಾಗನೂರಿನಲ್ಲಿ ಮತ್ತೊಬ್ಬ ನೇಪಾಳದ ಸೊಸೆ. ತುಂಬಿದ ಬಸುರಿ. ಅವಳನ್ನು ಒಲೆಯ ಮುಂದೆ ಕೂರಿಸಿದೆ. ಓಣಿಯ ಜನವೆಲ್ಲ ಬಾಗಿಲಲ್ಲಿ ನೆರೆದರು. ಬೆವರು ಒರೆಸಿಕೊಳ್ಳುತ್ತ ಬಡಿದಳು. ನಾನು ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ಭಲೇ, ತೆಳ್ಳಗ ಬಂದೈತಿ" ಎಂದೆ. ಆಕೆಯ ಮಾವ ಗಂಭೀರವಾಗಿ, "ಸಾಹೇಬ್ರ, ಇದನ್ನ ದಿಲ್ಲಿಗೂ ಕಳಸಬೇಕೇನ್ರಿ? ಒಣಗಿಸಿ ಕಟಕ ಮಾಡಿ ಕೊಡ್ತೇವಿ, ಕೆಡೂದಿಲ್ಲ" ಎಂದ. ಎಲ್ಲರೂ ನಕ್ಕರು. ಅವನು ನನ್ನನ್ನು ಚುಚ್ಚಿದ್ದ, ನನಗೆ ತಿಳಿಯಲಿಲ್ಲ. ಸತ್ಕಾರ ಅಂದುಕೊಂಡೆ.

ಇನ್ನು ನಸೀಮಾಳ ಸಂಗತಿ.

ಮೂಡಲಗಿ ಆಗ ಬೇರೆ ತಾಲೂಕಾಗಿರಲಿಲ್ಲ, ಗೋಕಾಕದೊಳಗೇ ಇತ್ತು. ಅಲ್ಲಿಯ ದಸ್ತಗೀರ ಎಂಬವನು ಕೆಲವು ವರ್ಷ ಕೊಲ್ಲಿ ದೇಶದಲ್ಲಿ ಡ್ರೈವರ್ ಆಗಿದ್ದ. ಅಲ್ಲೇ ಮನೆಗೆಲಸಕ್ಕೆ ಬಂದಿದ್ದ ಶ್ರೀಲಂಕಾದ ನಸೀಮಾಳನ್ನು ಮೆಚ್ಚಿ ಲಗ್ನವಾಗಿ ಕರೆತಂದ. ಊರಿಗೆ ಬಂದ ಮೇಲೆ ಟೆಂಪೋ ತೆಗೆದುಕೊಂಡು ಘಟಪ್ರಭಾ, ಗೋಕಾಕದ ಪೇಟೆಗೆ ಕಾಯಿಪಲ್ಯ ಒಯ್ಯುತ್ತಿದ್ದ. ಮನೆಯಲ್ಲಿ ಅವನ ತಾಯಿ ಹುಸೇನಬಿ, ಇಬ್ಬರು ಸಣ್ಣ ಮಕ್ಕಳು. ನಸೀಮಾ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಹೆಂಗಸರ ಕುಬುಸ ಹೊಲಿಯುತ್ತಿದ್ದಳು. ವರ್ಷವರ್ಷವೂ ವೀಸಾ ಮುಂದುವರಿಸಲು ಗಂಡ ಹೆಂಡತಿ ಜಿಲ್ಲೆಗೆ ಅಲೆಯುತ್ತಿದ್ದರು. ಈ ಸಲ ಕೊಡದಿದ್ದರೆ ಏನು ಗತಿ ಎಂಬ ಅಂಜಿಕೆ ವರ್ಷವರ್ಷವೂ ಇತ್ತು.

ನಾನು ಹೋದಾಗ ಕಾಗದಗಳೆಲ್ಲ ಸರಿಯಿದ್ದವು. ಬಾಜೂ ಮನೆಯವರು ಸಾಕ್ಷಿ ಹೇಳಿದರು. ಹೇಳಿದ ಹೆಂಗಸರ ಮೈಮೇಲಿನ ಕುಬುಸವೇ ಅವಳು ಹೊಲಿದದ್ದು. ಕೇಳಿದ್ದಕ್ಕೆಲ್ಲ ನಸೀಮಾ ಮೂಡಲಗಿಯ ಕನ್ನಡದಲ್ಲೇ ಉತ್ತರ ಕೊಟ್ಟಳು. ಎಲ್ಲ ಮುಗಿದ ಮೇಲೆ ಆಕೆ ನನಗೊಂದು ಪ್ರಶ್ನೆ ಕೇಳಿದಳು.

"ಸಾಹೇಬ್ರ, ನಿಮ್ಮ ರಿಪೋರ್ಟ್ ಹೋದ ಮ್ಯಾಲ ನಾ ನಮ್ಮವ್ವನ್ನ ನೋಡಿ ಬರಬಹುದೇನ್ರಿ? ಆಕಿಗೆ ಆರಾಮ ಇಲ್ಲ. ಅರ್ಜಿ ಹಾಕೂದೈತಂತ ಹೋದ ವರ್ಷೆಲ್ಲಾ ಹೋಗದ ಕುಂತೇನಿ."

ಅದಕ್ಕೆ ನಾನು ಕೊಟ್ಟ ಉತ್ತರ ಈಗಲೂ ನನ್ನ ಕಿವಿಯಲ್ಲಿದೆ. "ಅದನ್ನ ಆಮ್ಯಾಲ ನೋಡೂಣು. ಮೊದಲ ಒಂದ ರೊಟ್ಟಿ ಬಡದ ತೋರ್ಸು."

ಅವಳು ಅತ್ತೆಯ ಮುಖ ನೋಡಿದಳು. ಹುಸೇನಬಿ ನನ್ನ ಮುಖ ನೋಡಿದಳು. ಆಮೇಲೆ ರೊಟ್ಟಿ ಬಡಿಯುವ ಕಟ್ಟಿಗೆಯ ಕೊಣಮಿಗೆ ಹೊರಗೆ ಬಂತು, ಎಸರು ಕಾಯಿತು. ನಸೀಮಾಳ ಹಿಟ್ಟು ಸೇರಲಿಲ್ಲ. ಬಡಿದರೆ ಅಂಚು ಬಿರಿಯಿತು. ಎತ್ತಿದರೆ ಅರ್ಧ ಕೈಗೆ ಬಂತು, ಅರ್ಧ ಅಲ್ಲೇ ಅಂಟಿತು. ಎರಡನೆಯದೂ ಹಾಗೇ.

"ನಾ ಇರೋತನಕ ಆಕಿ ಯಾಕ ಬಡೀಬೇಕ್ರಿ ಸಾಹೇಬ್ರ?" ಎಂದಳು ಹುಸೇನಬಿ. "ಆಕಿ ತವರಮನಿ ಸಮುದ್ರದ ಆಚೆ ಐತಿ. ಹಬ್ಬಕ್ಕ ಕರಿಯಾಕ ಅಣ್ಣ ಬರೂದಿಲ್ಲ, ಬಾಣಂತನಕ್ಕ ಅವ್ವ ಬರಲಿಲ್ಲ. ಅಷ್ಟೂ ನಾನ ಅದೇನಿ ಆಕಿಗೆ. ಬಂದ ದಿನ ಹೇಳೇನಿ, ನೀ ಒಲಿ ಮುಂದ ಕುಂಡ್ರಬ್ಯಾಡಂತ. ಕುಂಡ್ರಿಸಿಲ್ಲರಿ."

ನನಗೆ ನಗು ಬಂತು. ನಮ್ಮ ಕಡೆ ಹುಟ್ಟಿ ಬೆಳೆದವನು ನಾನು. ಸೊಸೆ ಬಂದ ಮೇಲೂ ತಾನೇ ರೊಟ್ಟಿ ಬಡಿದು, ಸೊಸೆಯನ್ನು ಕೂರಿಸಿ ಉಣ್ಣಿಸುವ ಅತ್ತೆಯನ್ನು ನಾನು ಕಂಡವನಲ್ಲ, ಕೇಳಿದವನಲ್ಲ. ಹೇಳಿಕೊಟ್ಟ ಮಾತು ಇದು, ಹುಡುಗಿ ಇಲ್ಲಿ ಇದ್ದದ್ದೇ ಅಷ್ಟಕ್ಕಷ್ಟೆ ಎಂದು ಒಳಗೊಳಗೇ ತೀರ್ಮಾನಿಸಿಬಿಟ್ಟೆ. ವರದಿಯಲ್ಲಿ ಬರೆದೆ: ಅರ್ಜಿದಾರಳಿಗೆ ಈ ಭಾಗದ ಕುಟುಂಬದ ದಿನನಿತ್ಯದ ಅಡುಗೆ ಬರುವುದಿಲ್ಲ. ಅತ್ತೆಯ ವಿವರಣೆ ನಂಬತಕ್ಕದ್ದಾಗಿಲ್ಲ. ನಿರಂತರ ವಾಸದ ಬಗ್ಗೆ ಸಂಶಯವಿದೆ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಶಾಂತವ್ವನಿಗೆ ಇದನ್ನು ಹೇಳಿ, "ಇಂಥಾ ಅತ್ತಿ ಎಲ್ಲೆರೆ ಇರ್ತಾಳೇನ?" ಎಂದೆ. ಆಕೆ ನನ್ನ ತಾಟಿಗೆ ರೊಟ್ಟಿ ಹಾಕುತ್ತ, "ನಿಮ್ಮವ್ವನ ಕೈಯಾಗ ಸಿಕ್ಕಾಕಿ ನಾ, ನನಗೇನ ಗೊತ್ತು? ಆದ್ರ ಇರಬಾರದು ಅಂತ ಎಲ್ಲಿ ಬರದೈತ್ರಿ?" ಎಂದಳು. ಹಂಚಿನ ಮೇಲೆ ಇನ್ನೊಂದು ಸೀಯುತ್ತಿತ್ತು, ಎದ್ದು ಹೋದಳು. ವರದಿ ಇನ್ನೂ ನನ್ನ ಚೀಲದಲ್ಲೇ ಇತ್ತು. ಹರಿದು ಬೇರೆ ಬರೆಯಬಹುದಿತ್ತು. ಹೆಂಗಸರಿಗೆ ಕಚೇರಿಯ ಮಾತು ಏನು ತಿಳಿದೀತು ಎಂದುಕೊಂಡೆ.

ಸಂಶಯ ಎಂಬ ಒಂದು ಶಬ್ದ ಸಾಕು. ಅದು ಕಾಗದದ ಮೇಲೆ ಬಿದ್ದರೆ ಮೇಲಿನವರು ಯಾರೂ ಅಳಿಸುವುದಿಲ್ಲ, ಅಳಿಸಿದವನ ಮೇಲೆ ಬರುತ್ತದೆ ಎಂಬ ಅಂಜಿಕೆ. ಅರ್ಜಿ ವಾಪಸ್ ಬಂತು: ವಾಸವನ್ನು ಸಾಬೀತುಪಡಿಸಿ ಹೊಸದಾಗಿ ಸಲ್ಲಿಸತಕ್ಕದ್ದು. ದಸ್ತಗೀರ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತ. ಜಗಳಕ್ಕೆ ಬಂದಾನು ಎಂದು ನಾನು ಮುಖ ಬಿಗಿದುಕೊಂಡಿದ್ದೆ. ಅವನು ಕೈ ಕಟ್ಟಿಕೊಂಡೇ ಮಾತಾಡಿದ.

"ಸಾಹೇಬ್ರ, ನಸೀಮಾನ ಅವ್ವಗ ಭಾಳ ಜಡ್ಡಾಗೈತಿ ಅಂತ ಫೋನ್ ಬರಾಕತ್ತೈತಿ. ಈಗ ನಸೀಮಾ ಹೋದ್ರ, ವಾಪಸ್ ಬಂದ ಮ್ಯಾಲ ಮತ್ತ ವರ್ಷ ಎಣಸಬೇಕು. ಸಂಶಯ ಅಂತ ಬರದ ಮ್ಯಾಲ ವಾಪಸ್ ಬರಾಕ ವೀಸಾರ ಕೊಡ್ತಾರೇನ್ರಿ? ಕೊಡಲಿಲ್ಲಂದ್ರ ಹುಡುಗೋರನ್ನ ಇಟ್ಕೊಂಡ ನಾ ಏನ ಮಾಡ್ಲಿ?"

"ಕಾನೂನ ಹಂಗ ಐತಪಾ. ನಾ ಏನ ಮಾಡಾಕ ಬರತೈತಿ?" ಎಂದೆ.

ಮಕ್ಕಳೇ, ಆ ಮಾತನ್ನು ನೀವೂ ಹೇಳುತ್ತೀರಿ. ಹೇಳುವ ಮೊದಲು ಅದು ಖರೆ ಕಾನೂನೋ, ನೀವೇ ಕಲಸಿದ ಹಿಟ್ಟೋ ಎಂದು ಒಮ್ಮೆ ನೋಡಿಕೊಳ್ಳಿ. ಒಂದು ವರ್ಷ ಹೊರಗೆ ಹೋಗಬಾರದು ಎಂಬುದು ಕಾನೂನು. ಆ ವರ್ಷವನ್ನು ಎರಡು ಮಾಡಿದವನು ನಾನು.

ಮುಂದಿನ ವರ್ಷ ಹೊಸ ಅರ್ಜಿ ಬಂತು. ಚೌಕಶಿಗೆ ಮತ್ತೆ ನನಗೇ ಬಂತು. ಬೇರೆಯವರಿಗೆ ದಾಟಿಸಲು ನೋಡಿದೆ. "ರೊಟ್ಟಿ ಕೇಸ್ ನಿಮ್ದಲ್ರೀ" ಎಂದು ಗೆಳೆಯರು ನಕ್ಕು ತಿರುಗಿ ನನ್ನ ಕೈಗೇ ಕೊಟ್ಟರು.

ನನ್ನನ್ನು ನೋಡಿದ ಕೂಡಲೆ ಹುಸೇನಬಿ ಎದ್ದು ಒಲೆ ಹೊತ್ತಿಸಿದಳು. ನಾನು ಚಾಪೆಯ ಮೇಲೆ ಕೂತು ಕಾಗದ ತೆಗೆಯುವ ಮೊದಲೇ ಸೊಸೆಯ ಮುಂದೆ ಕೊಣಮಿಗೆ ಇಟ್ಟಳು.

"ಬ್ಯಾಡ ಅಮ್ಮಾ, ಈ ಸಲ ಬೇಕಾಗಿಲ್ಲ" ಎಂದೆ.

"ಬ್ಯಾಡ ಅನಬ್ಯಾಡ್ರಿ ಸಾಹೇಬ್ರ. ನೋಡೇ ಹೋಗ್ರಿ. ಈಗ ಬರತೈತಿ ಆಕಿಗೆ."

ನಸೀಮಾ ಬಡಿಯತೊಡಗಿದಳು. ಕೈ ನಿಲ್ಲಲಿಲ್ಲ, ಅಂಚು ಬಿರಿಯಲಿಲ್ಲ. ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ನೀರು ಹಚ್ಚಿ, ತಿರುವಿದಳು. ರೊಟ್ಟಿ ಪೂರ್ತಿ ಉಬ್ಬಿತು. ಅವಳ ಬಲಗೈ ಬೆರಳುಗಳ ತುದಿಯಲ್ಲಿ ಸುಟ್ಟ ಕಲೆಗಳಿದ್ದವು. ಎರಡನೆಯದನ್ನು ಬಡಿಯತೊಡಗಿದಳು. ಆ ಸಪ್ಪಳ ತಡೆಯಲಾಗದೆ ನಾನೇ ಕೇಳಿದೆ.

"ನಿಮ್ಮವ್ವ ಹೆಂಗ ಅದಾಳವಾ?"

"ತೀರಿಕೊಂಡ್ಲರಿ" ಎಂದಳು. ಕೈ ನಿಲ್ಲಿಸಲಿಲ್ಲ. "ಮಳಿಗಾಲದಾಗ ತೀರಿಕೊಂಡ್ಲು. ಯಾವಾಗ ಬರ್ತಿ ಅಂತ ದಿನಾ ಕೇಳ್ತಿದ್ಲರಿ ಫೋನಿನ್ಯಾಗ. ಇಲ್ಲಿ ರೊಟ್ಟಿ ಮಾಡೂದು ಕಲೀಬೇಕು, ಕಲ್ತ ಮ್ಯಾಲ ಬಿಡ್ತಾರ, ಬರ್ತೇನಿ ಅಂತ ಹೇಳ್ತಿದ್ದೆ. ವೀಸಾ, ಸಂಶಯ, ಇವೆಲ್ಲಾ ಆಕಿಗೆ ಹೆಂಗ ತಿಳಸ್ಲಿ? ಕಡೀ ಸಲ ಮಾತಾಡಿದಾಗ ಕೇಳಿದ್ಲು, ಇನ್ನೂ ಬಡಿಯಾಕ ಬರಲಿಲ್ಲೇನ ಮಗಳ, ಅಷ್ಟ ಕಷ್ಟ ಐತೇನ ಆ ರೊಟ್ಟಿ ಅಂತ."

ಹುಸೇನಬಿ ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಹೋದಳು. ನಸೀಮಾ ತಾಟಿನಲ್ಲಿ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಹಾಕಿ ನನ್ನ ಮುಂದಿಟ್ಟಳು. ಬೇಡ ಎನ್ನುವ ಮುಖ ನನಗಿರಲಿಲ್ಲ, ಉಣ್ಣುವ ಬಾಯಿಯೂ ಇರಲಿಲ್ಲ. ಉಂಡೆ. ಎರಡು ತುತ್ತಾದ ಮೇಲೆ ಅವಳೇ ನೀರು ಕೊಟ್ಟಳು. ತಪ್ಪಾಯಿತು ಎಂದು ಹೇಳಬೇಕಿತ್ತು. ಸರ್ಕಾರಿ ಮನುಷ್ಯ ಹಾಗೆ ಹೇಳುವ ಪದ್ಧತಿ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡು ಎದ್ದು ಬಂದೆ. ನಾಚಿಕೆಗೇಡಿನ ಮಾತು ಅದು. ವರದಿಯಲ್ಲಿ ಆಕೆ ಇಲ್ಲೇ ಇದ್ದಾಳೆ, ಮೊದಲಿನಿಂದಲೂ ಇಲ್ಲೇ ಇದ್ದಳು ಎಂದು ಬರೆದೆ. ರೊಟ್ಟಿಯ ಹೆಸರೆತ್ತಲಿಲ್ಲ.

ಆಮೇಲೂ ಬಹಳ ಕಾಲ ಹಿಡಿಯಿತು. ಮೇಲಿನವರು ಒಪ್ಪಿ, ಆಕೆ ತನ್ನ ದೇಶದ ಪೌರತ್ವ ಬಿಟ್ಟ ಕಾಗದ ತರಿಸಿ, ನಿಷ್ಠೆಯ ಪ್ರಮಾಣ ಮಾಡಿ ಸರ್ಟಿಫಿಕೇಟ್ ಪಡೆದದ್ದು ನನಗೆ ತಿಳಿದದ್ದು ಮೂಡಲಗಿಯ ಸಂತೆಯಲ್ಲಿ ಹುಸೇನಬಿ ಸಿಕ್ಕಾಗ. ಓಣಿಯೊಳಗೆ ನುಸುಳಿ ತಪ್ಪಿಸಿಕೊಳ್ಳಲು ನೋಡಿದೆ. ಮುದುಕಿಯೇ ಕೂಗಿ ನಿಲ್ಲಿಸಿದಳು.

"ಬಂತ್ರಿ ಸಾಹೇಬ್ರ ಕಾಗದ. ಬಂದ ದಿನಾನ ಆಕಿಗೆ ಅಂದೆ, ಸರ್ಕಾರದ ಕೆಲಸ ಮುಗೀತು, ಇನ್ನ ಒಲಿ ಬಿಟ್ಟ ಏಳಬೇ ಅಂತ. ಈಗ ಮತ್ತ ನಾನ ಬಡೀತೇನಿ."

"ಚಲೋ ಆತು ಅಮ್ಮಾ. ಇನ್ನ ಆಕಿ ತನ್ನ ಊರಿಗೆ ಹೋಗಿ ಬರಬಹುದಲ್ಲ" ಎಂದೆ. ಏನೋ ಒಂದು ಮಾತು ಬೇಕಿತ್ತು.

"ಯಾರನ್ನ ನೋಡಾಕ್ರಿ?" ಎಂದಳು. ನನ್ನ ಮುಖ ಏನಾಯಿತೋ, ಮುದುಕಿಗೆ ಕನಿಕರ ಬಂತು. "ನಿಮ್ಮ ಮ್ಯಾಲ ಸಿಟ್ಟಿಲ್ಲರಿ. ಅತ್ತಿ ಹಿಂಗೂ ಇರ್ತಾಳಂತ ನೀವರ ಎಲ್ಲಿ ನೋಡಿದ್ರಿ?" ಎಂದು ಮೆಣಸಿನಕಾಯಿಯ ಚೀಲ ಎತ್ತಿಕೊಂಡು ಹೋದಳು.

ಬೈದಿದ್ದರೆ ಹಗುರಾಗುತ್ತಿತ್ತು.

ಇಷ್ಟಾದ ಮೇಲಾದರೂ ಕಚೇರಿಯಲ್ಲಿ ಎದ್ದು ನಿಂತು, ಈ ರೊಟ್ಟಿ ಚೌಕಶಿ ನಿಲ್ಲಿಸಿ ಎಂದು ಹೇಳಬೇಕಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ನಸೀಮಾಳ ಸಂಗತಿ ಹೇಳಬೇಕಾಗುತ್ತದೆ. ಸುಮ್ಮನಿದ್ದೆ. ನಾನು ಮಾಡುವುದನ್ನು ಬಿಟ್ಟೆ, ಉಳಿದವರು ಮುಂದುವರಿಸಿದರು. ನನ್ನ ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಪೇಟ ಸುತ್ತಿ, ಮಾತಾಡಿದವರೆಲ್ಲ ರೊಟ್ಟಿಯ ಕತೆಯನ್ನೇ ಹೇಳಿದರು. ಒಬ್ಬನು ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡುವ ನನ್ನ ಭಂಗಿಯನ್ನು ಮಾಡಿ ತೋರಿಸಿದ. ಸಭೆ ಹೊಟ್ಟೆ ಹಿಡಿದು ನಕ್ಕಿತು. ವೇದಿಕೆಯ ಮೇಲೆ ಕೂತಿದ್ದ ನಾನೂ ನಕ್ಕೆ. ಎದುರಿಗೆ ಕೂತಿದ್ದ ಶಾಂತವ್ವ ನಗಲಿಲ್ಲ.

ಆ ನಗು ನಕ್ಕದ್ದರಿಂದಲೇ ಹೋದ ತಿಂಗಳು ಅಶ್ವಿನಿ ನನಗೆ ಫೋನ್ ಮಾಡಿ, ರೊಟ್ಟಿ ಹೇಗಿದ್ದರೆ ಪಾಸು ಎಂದು ಕೇಳುವಂತಾಯಿತು. ಈಗ ಅರ್ಜಿಗಳೆಲ್ಲ ಕಂಪ್ಯೂಟರಿನಲ್ಲಿ ಬರುತ್ತವೆ, ಫೋಟೋ ತೆಗೆದು ಅಲ್ಲಿಂದಲೇ ಕಳಿಸುತ್ತಾರೆ. ಆದರೂ ನನ್ನ ಹಳೆಯ ರೊಟ್ಟಿ ಹಳಸದೆ ಕೂತಿದೆ.

ಇಷ್ಟನ್ನು ಬರೆದು ಮೊದಲು ಅಶ್ವಿನಿಗೇ ಕಳಿಸಿದೆ. ಎರಡು ದಿನ ಸುದ್ದಿಯಿಲ್ಲ. ಮೂರನೆಯ ದಿನ ಫೋನ್ ಮಾಡಿದಳು. ಓದಿದೆ ಎಂದಳು, ಅದರ ಬಗ್ಗೆ ಮತ್ತೇನೂ ಹೇಳಲಿಲ್ಲ. ಹೊಸ ಹುಡುಗಿಗೆ ಹಿರಿಯನ ಮರ್ಯಾದೆ ಕಾಯುವುದು ಗೊತ್ತಿತ್ತು.

"ಸರ, ನಾಳೆ ಆ ನೇಪಾಳದಾಕಿ ಮನಿಗೆ ಹೊಂಟೇನ್ರಿ."

"ಹೋಗವಾ. ಕಾಗದ ನೋಡು, ಬಾಜೂ ಮನಿಯವ್ರನ್ನ ಕೇಳು. ಆಕಿ ಏನ ಹೇಳ್ತಾಳ, ಪೂರ್ತಿ ಕೇಳಿಸ್ಕೋ. ಅಡಗಿ ಮನಿ ಕಡೆ ನೋಡಬ್ಯಾಡ."

ಆಕೆ ಮತ್ತೆ ಕೇಳಿದಳು. "ಸರ, ಹೊತ್ತಾತಂತ ಅವ್ರ ಊಟಕ್ಕ ಕರದ ರೊಟ್ಟಿ ಕೊಟ್ರ?"

"ಕೊಟ್ರ ಉಣ್ಣು" ಎಂದೆ. "ಬರೀಬ್ಯಾಡ."